ಕಮ್ಯುನಿಟಿ ಕಾಲೇಜಿನಲ್ಲಿ ಇಂಜಿನಿಯರಿಂಗೋ, ಇಂಜಿನಿಯರಿಂಗ್ ಟೆಕ್ನಾಲಜಿಯೋ? ಅಮೆರಿಕದ ಕನ್ನಡ ಮನೆಗಳಿಗೆ ಒಂದು ಹೋಲಿಕೆ

ಮಗನೋ ಮಗಳೋ ಅಮೆರಿಕದಲ್ಲಿ ಹೈಸ್ಕೂಲ್ ಮುಗಿಸುವ ಹೊತ್ತಿಗೆ ಹತ್ತಿರದ ಕಮ್ಯುನಿಟಿ ಕಾಲೇಜಿನ ಕೋರ್ಸ್ ಪಟ್ಟಿ ತೆಗೆದು ನೋಡಿ. ಇಂಜಿನಿಯರಿಂಗ್ ಅಂತ ಒಂದಿರುತ್ತದೆ. ಅದರ ಪಕ್ಕದಲ್ಲೇ ಜನರಲ್ ಇಂಜಿನಿಯರಿಂಗ್ ಟೆಕ್ನಾಲಜಿ ಅಂತ ಇನ್ನೊಂದು. ಎರಡೂ 2 ವರ್ಷ, ಎರಡೂ 60ರ ಆಸುಪಾಸಿನ ಕ್ರೆಡಿಟ್, ಫೀಸೂ ಹೆಚ್ಚುಕಮ್ಮಿ ಅಷ್ಟೇ. ಕೊನೆಗೆ ಸಿಗುವುದೂ ಅಸೋಸಿಯೇಟ್ ಡಿಗ್ರಿಯೇ. ಯಾವುದಾದರೇನು, ಸದ್ಯಕ್ಕೆ ಸೇರಿಸೋಣ, ಆಮೇಲೆ ನೋಡಿಕೊಂಡರಾಯಿತು ಅನ್ನುವವರು ಜಾಸ್ತಿ. ಆದರೆ ಆಮೇಲೆ ದಾರಿ ಬದಲಿಸಲು ಹೋದರೆ ಒಂದು ವರ್ಷದ ಓದು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಮೊದಲೇ ಕೂತು ಹೋಲಿಸಬೇಕು.

ನಮ್ಮವರಿಗೆ ಇಲ್ಲಿ ಗೊಂದಲ ಆಗಲು ಒಂದು ಕಾರಣವಿದೆ. ಕರ್ನಾಟಕದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ 3 ವರ್ಷ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರುತ್ತಾರೆ. ಎಷ್ಟೋ ಮನೆಗಳಲ್ಲಿ ಅಣ್ಣನೋ ಚಿಕ್ಕಪ್ಪನೋ ಹಾಗೇ ಇಂಜಿನಿಯರ್ ಆದವರು. ಹಾಗಾಗಿ ಇಂಜಿನಿಯರಿಂಗ್ ಟೆಕ್ನಾಲಜಿ ನೋಡಿದ ಕೂಡಲೇ "ಓ, ಇದು ಇಲ್ಲಿನ ಡಿಪ್ಲೊಮಾ, 2 ವರ್ಷ ಮಾಡಿ ಆಮೇಲೆ ಒಳ್ಳೆ ಯೂನಿವರ್ಸಿಟಿಯಲ್ಲಿ ಮೂರನೇ ವರ್ಷಕ್ಕೆ ಹಾಕಬಹುದು" ಅಂತ ಅನಿಸಿಬಿಡುತ್ತದೆ. ಪಾಠ ನೋಡಿದರೆ ಡಿಪ್ಲೊಮಾಗೆ ಹತ್ತಿರ, ನಿಜ. ಆದರೆ ಮುಂದಿನ ದಾರಿ ಹಾಗಿಲ್ಲ. ಇಂಜಿನಿಯರಿಂಗ್ ಟೆಕ್ನಾಲಜಿಯ ಅಸೋಸಿಯೇಟ್ ಹಿಡಿದುಕೊಂಡು ಮೆಕಾನಿಕಲ್ ಅಥವಾ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮೂರನೇ ವರ್ಷಕ್ಕೆ ಹೋಗಲು ಸಾಮಾನ್ಯವಾಗಿ ಆಗುವುದಿಲ್ಲ.

ಗಣಿತದ ಸಾಲನ್ನು ಮೊದಲು ಓದಿ

ಹೆಸರು ನೋಡಿ ನಿರ್ಧಾರ ಮಾಡಬೇಡಿ. ಆ ಪ್ರೋಗ್ರಾಮಿನಲ್ಲಿ ಯಾವ ಗಣಿತ, ಯಾವ ಫಿಸಿಕ್ಸ್ ಇದೆ ಅಂತ ನೋಡಿ.

ಇಂಜಿನಿಯರಿಂಗ್ ಟೆಕ್ನಾಲಜಿಯಲ್ಲಿ (ಇನ್ನು ಮುಂದೆ ಇಟಿ ಅನ್ನುತ್ತೇನೆ) ಸಾಮಾನ್ಯವಾಗಿ ಆಲ್ಜಿಬ್ರಾ, ಟ್ರಿಗನಾಮೆಟ್ರಿ ಮಟ್ಟದ ಟೆಕ್ನಿಕಲ್ ಮ್ಯಾತ್ ಇರುತ್ತದೆ. ಫಿಸಿಕ್ಸ್ ಕೂಡ ಆಲ್ಜಿಬ್ರಾ ಮೇಲೆ ನಿಂತದ್ದು. ಉಳಿದ ಹೊತ್ತೆಲ್ಲ ಲ್ಯಾಬಿನಲ್ಲೇ. ಡ್ರಾಯಿಂಗ್ ಓದುವುದು, ಆಟೋಕ್ಯಾಡ್ ಮತ್ತು ಸಾಲಿಡ್‌ವರ್ಕ್ಸ್, ಡಿಸಿ ಮತ್ತು ಎಸಿ ಸರ್ಕ್ಯೂಟ್, ಮೋಟಾರು, ಪಿಎಲ್‌ಸಿ (ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಚಿಕ್ಕ ಕಂಪ್ಯೂಟರ್) ಪ್ರೋಗ್ರಾಮಿಂಗ್, ಹೈಡ್ರಾಲಿಕ್ಸ್, ನ್ಯೂಮ್ಯಾಟಿಕ್ಸ್, ಲೇತು, ಮಿಲ್ಲಿಂಗು, ಮೈಕ್ರೊಮೀಟರ್ ಹಿಡಿದು ಅಳೆಯುವುದು, ಕ್ವಾಲಿಟಿ, ಸೇಫ್ಟಿ. ಜನರಲ್ ಅಂತ ಇದ್ದರೆ ಇದೆಲ್ಲದರಲ್ಲೂ ಸ್ವಲ್ಪ ಸ್ವಲ್ಪ ಇರುತ್ತದೆ, ಯಾವುದೋ ಒಂದರಲ್ಲಿ ಆಳವಾಗಿ ಇಳಿಯುವುದು ಕಡಿಮೆ. ಇದರ ಡಿಗ್ರಿಗೆ ಬಹಳ ರಾಜ್ಯಗಳಲ್ಲಿ ಎಎಎಸ್ (ಅಸೋಸಿಯೇಟ್ ಆಫ್ ಅಪ್ಲೈಡ್ ಸೈನ್ಸ್) ಅನ್ನುತ್ತಾರೆ, ಅಂದರೆ ಓದು ಮುಗಿಸಿ ಸೀದಾ ಕೆಲಸಕ್ಕೆ ಹೋಗಲಿ ಅಂತ ಮಾಡಿದ್ದು.

ಬರೀ ಇಂಜಿನಿಯರಿಂಗ್ ಅಂತ ಇರುವುದು ಟ್ರಾನ್ಸ್‌ಫರ್ ಪ್ರೋಗ್ರಾಮ್, ಅಂದರೆ 2 ವರ್ಷ ಇಲ್ಲಿ ಓದಿ ಆಮೇಲೆ ಯೂನಿವರ್ಸಿಟಿಗೆ ಬದಲಾಗುವುದು. ಅದರಲ್ಲಿ ಮೂರು ಕ್ಯಾಲ್ಕುಲಸ್, ಡಿಫರೆನ್ಷಿಯಲ್ ಈಕ್ವೇಷನ್ಸ್, ಎಷ್ಟೋ ಕಡೆ ಲೀನಿಯರ್ ಆಲ್ಜಿಬ್ರಾ, ಕ್ಯಾಲ್ಕುಲಸ್ ಬಳಸುವ ಫಿಸಿಕ್ಸ್, ಕೆಮಿಸ್ಟ್ರಿ, ಸ್ಟ್ಯಾಟಿಕ್ಸ್, ಡೈನಾಮಿಕ್ಸ್, ಒಂದಿಷ್ಟು ಪ್ರೋಗ್ರಾಮಿಂಗ್. ಅಂದರೆ 4 ವರ್ಷದ ಇಂಜಿನಿಯರಿಂಗ್‌ನ ಮೊದಲ ಎರಡು ವರ್ಷವನ್ನೇ ಕಡಿಮೆ ದುಡ್ಡಿನಲ್ಲಿ ಇಲ್ಲಿ ಓದಿದ ಹಾಗೆ. ಇದು ಸಾಮಾನ್ಯವಾಗಿ ಎಎಸ್ (ಅಸೋಸಿಯೇಟ್ ಆಫ್ ಸೈನ್ಸ್) ಡಿಗ್ರಿ. ಇದನ್ನು ಮುಗಿಸಿ ಅಲ್ಲಿಗೇ ನಿಲ್ಲಿಸಿದರೆ ಕೆಲಸ ಸಿಗುವುದು ಕಷ್ಟ, ಯಾಕಂದರೆ ಕೈಯಲ್ಲಿ ಯಾವ ಯಂತ್ರದ ಕೆಲಸವೂ ಬಂದಿರುವುದಿಲ್ಲ. ಇದು ಅರ್ಧ ದಾರಿ. ಉಳಿದರ್ಧ ಯೂನಿವರ್ಸಿಟಿಯಲ್ಲಿ ಮುಗಿಸಿದರೆ ಮಾತ್ರ ಇದಕ್ಕೆ ಬೆಲೆ.

ಎಎಸ್, ಎಎಎಸ್ ಅನ್ನುವ ಅಕ್ಷರಗಳನ್ನೂ ಪೂರ್ತಿ ನಂಬಬೇಡಿ. ಫ್ಲಾರಿಡಾದಲ್ಲಿ ಯೂನಿವರ್ಸಿಟಿಗೆ ಹೋಗಲು ಮಾಡಿದ ಡಿಗ್ರಿ ಎಎ (ಅಸೋಸಿಯೇಟ್ ಆಫ್ ಆರ್ಟ್ಸ್). ಅಲ್ಲಿ ಎಎಸ್ ಅಂದರೆ ಮುಖ್ಯವಾಗಿ ಕೆಲಸಕ್ಕೆ ತಯಾರು ಮಾಡುವುದು, ಇಟಿ ಕೂಡ ಅಲ್ಲಿ ಎಎಸ್ ಆಗಿಯೇ ಸಿಗುತ್ತದೆ. ಟೆಕ್ಸಸ್‌ನ ನೆಂಟರು ಎಎಸ್ ತಗೊಳ್ಳಿ ಅಂದರು ಅಂತ ಒರ್ಲ್ಯಾಂಡೊದಲ್ಲಿ ಎಎಸ್ ಸೇರಿಸಿದರೆ ದಾರಿಯೇ ಬೇರೆ ಆಗುತ್ತದೆ. ಪಟ್ಟಿಯಲ್ಲಿ ಕ್ಯಾಲ್ಕುಲಸ್ 1, 2, 3 ಇದೆಯಾ? ಇದ್ದರೆ ಅದು ಇಂಜಿನಿಯರ್ ಆಗುವ ದಾರಿ. ಇಲ್ಲದಿದ್ದರೆ ಟೆಕ್ನಾಲಜಿಯ ದಾರಿ. ಇಷ್ಟು ನೋಡಿದರೆ ಮುಕ್ಕಾಲು ಗೊಂದಲ ಕಳೆಯುತ್ತದೆ.

ಇಟಿ ಮಾಡಿ ಮುಂದೆ ಓದಬೇಕು ಅನಿಸಿದರೆ?

ಓದಬಹುದು. ಇಟಿಯಲ್ಲೇ 4 ವರ್ಷದ ಬ್ಯಾಚುಲರ್ ಡಿಗ್ರಿ ಇದೆ. ಪರ್ಡ್ಯೂ ಯೂನಿವರ್ಸಿಟಿಯ ಪಾಲಿಟೆಕ್ನಿಕ್ ಇನ್‌ಸ್ಟಿಟ್ಯೂಟ್, ರಾಚೆಸ್ಟರ್‌ನ ಆರ್‌ಐಟಿ, ಉತ್ತರ ಕೆರೊಲಿನಾದ ಷಾರ್ಲಟ್ ಯೂನಿವರ್ಸಿಟಿ, ವರ್ಜೀನಿಯಾದ ಓಲ್ಡ್ ಡೊಮಿನಿಯನ್, ಇವೆಲ್ಲ ಇದಕ್ಕೆ ಹೆಸರಾದ ಜಾಗಗಳು. ಎಎಎಸ್ ಮುಗಿಸಿದವರಿಗೆ ಮುಂದಿನ 2 ವರ್ಷ ಕೂಡಿಸಿ ಕೊಡುವ ಒಪ್ಪಂದ ಇಂಥ ಕಡೆ ಸಿಗುತ್ತದೆ. ಆದರೆ ಯಾವ ಕಾಲೇಜಿನ ಯಾವ ಕೋರ್ಸಿಗೆ ಒಪ್ಪಂದ ಇದೆ ಅನ್ನುವುದು ಬರಹದಲ್ಲಿ ಇರಬೇಕು. "ಸಾಮಾನ್ಯವಾಗಿ ತಗೊಳ್ತಾರೆ" ಅಂತ ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಸುಮ್ನೆ ತಲೆ ಅಲ್ಲಾಡಿಸಿ ಬರಬೇಡಿ.

ಇನ್ನು ಮಾನ್ಯತೆ. ಇಲ್ಲಿ ಎಬೆಟ್ ಅನ್ನುವ ಸಂಸ್ಥೆ ಈ ಪ್ರೋಗ್ರಾಮುಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುತ್ತದೆ. ಅದರಲ್ಲಿ ಇಂಜಿನಿಯರಿಂಗ್‌ಗೆ ಒಂದು ಆಯೋಗ, ಇಟಿಗೆ ಇನ್ನೊಂದು ಆಯೋಗ. ಎರಡಕ್ಕೂ ಎಬೆಟ್ ಮುದ್ರೆ ಇದೆ ಅಂದ ಮಾತ್ರಕ್ಕೆ ಎರಡೂ ಒಂದೇ ಅಲ್ಲ. ಇದರ ಬಿಸಿ ತಟ್ಟುವುದು ಪಿಇ (ಪ್ರೊಫೆಷನಲ್ ಇಂಜಿನಿಯರ್) ಲೈಸೆನ್ಸ್ ವಿಷಯದಲ್ಲಿ. ಸೇತುವೆ, ಕಟ್ಟಡ, ನೀರು ಸರಬರಾಜು ಇಂಥ ಕೆಲಸದಲ್ಲಿ ನಕ್ಷೆಗೆ ಸಹಿ ಹಾಕಿ ಮುದ್ರೆ ಒತ್ತಲು ಈ ಲೈಸೆನ್ಸ್ ಬೇಕೇ ಬೇಕು. ಇಟಿ ಬ್ಯಾಚುಲರ್ ಇದ್ದವರಿಗೆ ಎಷ್ಟೋ ರಾಜ್ಯಗಳು ಹೆಚ್ಚು ವರ್ಷದ ಅನುಭವ ಕೇಳಿ ಕೊಡುತ್ತವೆ, ಕೆಲವು ರಾಜ್ಯಗಳು ಕೊಡುವುದೇ ಇಲ್ಲ. ಹಾಗಾಗಿ ಸಿವಿಲ್ ಕಡೆ ಮನಸ್ಸಿರುವ ಹುಡುಗ ಹುಡುಗಿಯರು ಇಟಿಗೆ ಹೋಗುವ ಮುಂಚೆ ತಮ್ಮ ರಾಜ್ಯದ ಲೈಸೆನ್ಸ್ ಬೋರ್ಡಿನ ನಿಯಮ ಓದಲೇಬೇಕು. ಕಾರ್ಖಾನೆ, ಎಲೆಕ್ಟ್ರಾನಿಕ್ಸ್, ಆಟೊಮೇಷನ್ ಕಡೆ ಹೋಗುವವರಿಗೆ ಈ ತಲೆನೋವು ಕಡಿಮೆ. ಅಲ್ಲಿ ಬಹಳ ಜನ ಇಂಜಿನಿಯರುಗಳೇ ಪಿಇ ಇಲ್ಲದೆ ಇಡೀ ಜೀವನ ಕೆಲಸ ಮಾಡುತ್ತಾರೆ.

ದುಡ್ಡಿನ ಮಾತು

ಕಮ್ಯುನಿಟಿ ಕಾಲೇಜಿನ ದೊಡ್ಡ ಆಕರ್ಷಣೆ ಇದೇ. ಕ್ಯಾಲಿಫೋರ್ನಿಯಾದಲ್ಲಿ ಆ ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್. 60 ಯೂನಿಟ್ ಅಂದರೆ 2,760 ಡಾಲರ್, ಅದೂ ಎರಡು ವರ್ಷಕ್ಕೆ. ಪುಸ್ತಕ, ಕಾರಿನ ಖರ್ಚು ಬೇರೆ. ಉಳಿದ ರಾಜ್ಯಗಳಲ್ಲಿ ಇದಕ್ಕಿಂತ ಜಾಸ್ತಿ, ಆದರೂ ಯೂನಿವರ್ಸಿಟಿಯ ಮುಂದೆ ಕಡಿಮೆಯೇ. ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವ ಮಕ್ಕಳಿಗೆ ಮನೆಯ ಆದಾಯ ಕಡಿಮೆ ಇದ್ದರೆ ಪೆಲ್ ಗ್ರಾಂಟ್ (ವಾಪಸ್ ಕೊಡಬೇಕಿಲ್ಲದ ಫೆಡರಲ್ ನೆರವು) ಕೂಡ ಸಿಗುತ್ತದೆ. 2024-25ರಲ್ಲಿ ಅದರ ಗರಿಷ್ಠ ಮೊತ್ತ 7,395 ಡಾಲರ್ ಇತ್ತು.

ಸಂಬಳದ ಹೋಲಿಕೆಯನ್ನೂ ಮುಚ್ಚಿಡದೆ ಹೇಳಬೇಕು. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2023ರ ಲೆಕ್ಕದಲ್ಲಿ ಮೆಕಾನಿಕಲ್ ಇಂಜಿನಿಯರಿಂಗ್ ಟೆಕ್ನಿಷಿಯನ್, ಟೆಕ್ನಾಲಜಿಸ್ಟ್‌ಗಳ ಮಧ್ಯಮ ವಾರ್ಷಿಕ ಸಂಬಳ ಸುಮಾರು 64 ಸಾವಿರ ಡಾಲರ್. ಮೆಕಾನಿಕಲ್ ಇಂಜಿನಿಯರುಗಳದ್ದು 1 ಲಕ್ಷದ ಹತ್ತಿರ. ದೊಡ್ಡ ಅಂತರ. ಆದರೆ ಮೊದಲನೆಯವರು 2 ವರ್ಷ ಮೊದಲೇ, ಬಹುತೇಕ ಸಾಲವಿಲ್ಲದೆ, ದುಡಿಯಲು ಶುರು ಮಾಡಿರುತ್ತಾರೆ ಅನ್ನುವುದನ್ನೂ ಮರೆಯಬಾರದು. ಎಷ್ಟೋ ಕಂಪನಿಗಳು ಕೆಲಸಕ್ಕಿದ್ದವರಿಗೆ ಮುಂದೆ ಓದಲು ಫೀಸು ಕೊಡುತ್ತವೆ. ಸಂಜೆ ಕ್ಲಾಸಿಗೆ ಹೋಗಿ ಇಟಿ ಬ್ಯಾಚುಲರ್ ಮುಗಿಸುವವರು ಇದ್ದಾರೆ, ದುಡಿಮೆಯ ಜೊತೆ ಓದು ಅಂದರೆ ಸುಲಭವಲ್ಲ, ಆದರೆ ಆಗದ ಮಾತೂ ಅಲ್ಲ.

ವೀಸಾ ಇರುವ ಮನೆಗಳು ಇದನ್ನು ನಿಧಾನವಾಗಿ ಓದಿ

ನಮ್ಮ ಜನರಿಗೆ ಎಲ್ಲಕ್ಕಿಂತ ದೊಡ್ಡ ವಿಷಯ ಇದು. ಆದರೆ ಕಾಲೇಜಿನ ಸಲಹೆಗಾರರಲ್ಲಿ ಎಷ್ಟೋ ಜನ ಇದರ ಮಾತೇ ಎತ್ತುವುದಿಲ್ಲ, ಯಾಕಂದರೆ ಅವರ ಮುಂದೆ ಕೂರುವ ಬಹುತೇಕ ಮಕ್ಕಳಿಗೆ ಈ ಸಮಸ್ಯೆ ಇರುವುದಿಲ್ಲ.

ಅಪ್ಪ ಅಮ್ಮ ಎಚ್‌-1ಬಿಯಲ್ಲಿದ್ದು ಮಗು ಎಚ್‌-4ನಲ್ಲಿದ್ದರೆ ಓದಲು ಯಾವ ಅಡ್ಡಿಯೂ ಇಲ್ಲ. ಬಹಳ ರಾಜ್ಯಗಳಲ್ಲಿ ಆ ರಾಜ್ಯದ ನಿವಾಸಿಗಳ ಫೀಸೇ ಸಿಗುತ್ತದೆ. ಆದರೆ ಪೆಲ್ ಗ್ರಾಂಟ್ ಆಗಲಿ, ಫೆಡರಲ್ ಸಾಲವಾಗಲಿ ಇಲ್ಲ. ಕೆಲಸ ಮಾಡುವಂತಿಲ್ಲ, ಸಂಬಳದ ಇಂಟರ್ನ್‌ಶಿಪ್ಪೂ ಇಲ್ಲ. 21 ತುಂಬಿದ ದಿನ ಎಚ್‌-4 ಮುಗಿಯುತ್ತದೆ. ಭಾರತೀಯರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಇದೆ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಬಹಳ ಮಕ್ಕಳು 21ರ ಒಳಗೆ ವಿದ್ಯಾರ್ಥಿ ವೀಸಾ ಎಫ್‌-1ಗೆ ಬದಲಾಗಬೇಕಾಗುತ್ತದೆ. ಎಫ್‌-1 ಅಂದರೆ ಹೊರಗಿನವರ ಫೀಸು ಹಾಕುವ ಕಾಲೇಜುಗಳೇ ಹೆಚ್ಚು, ಅದು ಕೆಲವು ಕಡೆ ಹಲವು ಪಟ್ಟು. ಪ್ರತಿ ಸೆಮಿಸ್ಟರ್ ಕನಿಷ್ಠ 12 ಕ್ರೆಡಿಟ್ ಓದಲೇಬೇಕು, ಆ ಲೆಕ್ಕಕ್ಕೆ ಆನ್‌ಲೈನ್ ಕ್ಲಾಸು ಒಂದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ.

ಈಗ ಈ ಲೆಕ್ಕವನ್ನು ಇಟಿಯ ಪಕ್ಕ ಇಟ್ಟು ನೋಡಿ. ಇಟಿ ಎಎಎಸ್‌ನ ಅರ್ಧ ಸತ್ವ ಇರುವುದು ಮುಗಿಸಿದ ಕೂಡಲೇ ಕೆಲಸಕ್ಕೆ ಹೋಗುವುದರಲ್ಲಿ. ಎಚ್‌-4ನಲ್ಲಿದ್ದರೆ ಆ ಕೆಲಸಕ್ಕೆ ಹೋಗಲು ಆಗುವುದಿಲ್ಲ. ಎಫ್‌-1ನಲ್ಲಿದ್ದರೆ ಅಸೋಸಿಯೇಟ್ ಆದ ಮೇಲೆ 12 ತಿಂಗಳ ಒಪಿಟಿ (ಓದಿದ ವಿಷಯದಲ್ಲಿ ಕೆಲಸ ಮಾಡುವ ಅನುಮತಿ) ಸಿಗುತ್ತದೆ, ಆದರೆ ಅದರ ಮೇಲೆ 24 ತಿಂಗಳು ಕೊಡುವ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ) ವಿಸ್ತರಣೆ ಬ್ಯಾಚುಲರ್ ಅಥವಾ ಅದಕ್ಕಿಂತ ಮೇಲಿನ ಡಿಗ್ರಿಗೆ ಮಾತ್ರ. ಎಚ್‌-1ಬಿಗೂ ಬ್ಯಾಚುಲರ್ ಮಟ್ಟದ ಡಿಗ್ರಿಯೇ ಬೇಕು. ಅಂದರೆ ವೀಸಾದ ಮೇಲೆ ಇರುವ ಮಗುವಿಗೆ ಅಸೋಸಿಯೇಟ್‌ಗೆ ನಿಲ್ಲಿಸುವುದು ನಿಜವಾದ ಆಯ್ಕೆಯೇ ಅಲ್ಲ. ಅಂಥ ಮನೆಯವರು ನನ್ನನ್ನು ಕೇಳಿದರೆ ಮಗುವಿಗೆ ಕ್ಯಾಲ್ಕುಲಸ್ ಒಗ್ಗುವುದಾದರೆ ಇಂಜಿನಿಯರಿಂಗ್ ಟ್ರಾನ್ಸ್‌ಫರ್ ಹಿಡಿಯಿರಿ ಅನ್ನುತ್ತೇನೆ. ಒಗ್ಗದಿದ್ದರೆ ಇಟಿಗೆ ಹೋಗಿ, ಆದರೆ ಮೊದಲ ದಿನವೇ ಇಟಿ ಬ್ಯಾಚುಲರ್ ವರೆಗಿನ ಪೂರ್ತಿ 4 ವರ್ಷದ ನಕ್ಷೆ ಕೈಯಲ್ಲಿರಲಿ. ಇಟಿ ಬ್ಯಾಚುಲರ್ ಸ್ಟೆಮ್ ಪಟ್ಟಿಯಲ್ಲಿದೆ, ಆ ಬಗ್ಗೆ ಹೆದರಬೇಕಿಲ್ಲ.

ವಾಪಸ್ ಊರಿಗೆ ಹೋಗುವ ಯೋಚನೆ ಇರುವವರಿಗೂ ಇದೇ ಮಾತು. ಇಲ್ಲಿನ 2 ವರ್ಷದ ಅಸೋಸಿಯೇಟ್ ಬೆಂಗಳೂರಿನಲ್ಲಿ ಬಿಇಗೆ ಸಮ ಅಲ್ಲ.

ಸಿಟಿಜನ್ ಮಕ್ಕಳಿಗೆ ಒಂದು ಮೂರನೇ ದಾರಿ

ಕೆಲಸದ ಹಕ್ಕು ಇರುವ ಮಕ್ಕಳಿಗೆ ಇನ್ನೊಂದು ದಾರಿ ಇದೆ, ನಮ್ಮವರು ಅದರ ಕಡೆ ತಿರುಗಿಯೂ ನೋಡುವುದಿಲ್ಲ ಅನ್ನುವುದು ನನಗೆ ನಿಜವಾಗಿಯೂ ಬೇಜಾರು. ಕೆಂಟಕಿಯಲ್ಲಿ 2010ರಲ್ಲಿ ಟೊಯೋಟಾ ಶುರು ಮಾಡಿದ ಫೇಮ್ ಅನ್ನುವ ಕಾರ್ಯಕ್ರಮದಲ್ಲಿ ವಾರಕ್ಕೆ 2 ದಿನ ಕಮ್ಯುನಿಟಿ ಕಾಲೇಜಿನಲ್ಲಿ ಪಾಠ, 3 ದಿನ ಕಾರ್ಖಾನೆಯಲ್ಲಿ ಸಂಬಳದ ಕೆಲಸ. ಕೊನೆಗೆ ಅಸೋಸಿಯೇಟ್ ಡಿಗ್ರಿ, ಜೊತೆಗೆ ಕೈಗೆ ಹತ್ತಿದ ಕೆಲಸ. 2019ರಿಂದ ಇದನ್ನು ಮ್ಯಾನುಫ್ಯಾಕ್ಚರಿಂಗ್ ಇನ್‌ಸ್ಟಿಟ್ಯೂಟ್ ನೋಡಿಕೊಳ್ಳುತ್ತಿದೆ, ಈಗ ಬೇರೆ ರಾಜ್ಯಗಳಲ್ಲೂ ಇದೆ. ದಕ್ಷಿಣ ಕೆರೊಲಿನಾದಲ್ಲಿ ಬಿಎಂಡಬ್ಲ್ಯು ಕಂಪನಿ ಗ್ರೀನ್‌ವಿಲ್, ಸ್ಪಾರ್ಟನ್‌ಬರ್ಗ್ ಕಡೆಯ ಕಾಲೇಜುಗಳ ಜೊತೆ ಸ್ಕಾಲರ್ಸ್ ಅನ್ನುವ ಇದೇ ಥರದ ಕಾರ್ಯಕ್ರಮ ನಡೆಸುತ್ತದೆ. ಫ್ಲಾರಿಡಾದಲ್ಲಿ ಉತ್ಪಾದನಾ ಟೆಕ್ನಿಷಿಯನ್ ಸರ್ಟಿಫಿಕೇಟ್ ಇದ್ದವರಿಗೆ ಇಟಿ ಡಿಗ್ರಿಯಲ್ಲಿ 15 ಕ್ರೆಡಿಟ್ ಬಿಟ್ಟುಕೊಡುತ್ತಾರೆ, ಅಂದರೆ ಒಂದು ಸೆಮಿಸ್ಟರ್‌ನಷ್ಟು.

ಕಾರಿನ ಬಾನೆಟ್ ಎತ್ತಿ ತಲೆ ಒಳಗೆ ಹಾಕುವ, ಕೆಟ್ಟ ಮಿಕ್ಸಿಯನ್ನು ಬಿಚ್ಚಿ ಕೂರುವ, ಆದರೆ ಕ್ಯಾಲ್ಕುಲಸ್ ಪುಸ್ತಕದ ಮುಂದೆ ಬಾಡಿಹೋಗುವ ಮಗುವಿಗೆ ಇದಕ್ಕಿಂತ ಒಳ್ಳೆ ಜಾಗ ಇನ್ನೊಂದಿಲ್ಲ. ಕನ್ನಡ ಕೂಟದಲ್ಲಿ ನಾಲ್ಕು ಜನ ಏನು ಅಂದುಕೊಳ್ಳುತ್ತಾರೋ ಅಂತ ಆ ಮಗುವನ್ನು ತಳ್ಳಿ ಇಂಜಿನಿಯರಿಂಗ್‌ಗೆ ಕೂರಿಸಬೇಡಿ. ಪಿಎಲ್‌ಸಿ ಬರೆಯಬಲ್ಲ, ನಿಂತ ಲೈನನ್ನು ರಾತ್ರಿ 2 ಗಂಟೆಗೆ ಮತ್ತೆ ಓಡಿಸಬಲ್ಲ ಟೆಕ್ನಿಷಿಯನ್‌ಗೆ ಕಾರ್ಖಾನೆಯಲ್ಲಿ ಎಷ್ಟು ಮರ್ಯಾದೆ ಇದೆ ಅಂತ ಒಳಗೆ ಕೆಲಸ ಮಾಡಿದವರನ್ನು ಕೇಳಿ.

ಒಂದು ಎಚ್ಚರಿಕೆ. ದೊಡ್ಡ ಕಾರ್ಖಾನೆ ಬರುತ್ತದೆ ಅನ್ನುವ ಸುದ್ದಿ ನಂಬಿಯೇ ಕೋರ್ಸ್ ಆರಿಸಬೇಡಿ. ಇಂಟೆಲ್ 2022ರಲ್ಲಿ ಒಹಾಯೊದಲ್ಲಿ ಚಿಪ್ ಕಾರ್ಖಾನೆ ಘೋಷಿಸಿದಾಗ ಸುತ್ತಲಿನ ಕಾಲೇಜುಗಳು ಅದಕ್ಕೆಂದೇ ತಯಾರಿ ಶುರು ಮಾಡಿದವು. 2025ರಲ್ಲಿ ಅದೇ ಕಂಪನಿ ಮೊದಲ ಕಾರ್ಖಾನೆ ಮುಗಿಯುವುದು 2030ಕ್ಕೆ ಅಂತ ಹೇಳಿತು. ಇಂಥ ಸಂದರ್ಭದಲ್ಲಿ ಜನರಲ್ ಇಟಿಯೇ ವಾಸಿ. ಬರೀ ಚಿಪ್ ಕಾರ್ಖಾನೆಗೆ ಅಂತ ಓದಿದವರಿಗಿಂತ ಮೋಟಾರು, ಹೈಡ್ರಾಲಿಕ್ಸ್, ಕಂಟ್ರೋಲ್ ಎಲ್ಲ ತಿಳಿದವರಿಗೆ ಆಹಾರ ಕಾರ್ಖಾನೆ, ಗೋದಾಮು, ನೀರಿನ ಘಟಕ, ಎಲ್ಲಿ ಬೇಕಾದರೂ ಜಾಗ ಇರುತ್ತದೆ. ಹಾಗಂತ ಊರಿನಲ್ಲಿ ಈಗಾಗಲೇ ಒಂದೇ ಬಗೆಯ ಉದ್ಯಮ ಗಟ್ಟಿಯಾಗಿ ನಿಂತಿದ್ದರೆ, ಉದಾಹರಣೆಗೆ ಫೀನಿಕ್ಸ್ ಸುತ್ತ ಚಿಪ್ ಇದ್ದ ಹಾಗೆ, ಆ ಕಡೆಯ ನಿರ್ದಿಷ್ಟ ಪ್ರೋಗ್ರಾಮ್ ಜನರಲ್‌ಗಿಂತ ಬೇಗ ಕೆಲಸ ಕೊಡಿಸಬಹುದು.

ಟ್ರಾನ್ಸ್‌ಫರ್ ಅಂತ ನಿರ್ಧಾರವಾದರೆ

ಯಾವ ರಾಜ್ಯ ಅನ್ನುವುದು ಇಲ್ಲಿ ಬಹಳ ಮುಖ್ಯ. ಕ್ಯಾಲಿಫೋರ್ನಿಯಾದಲ್ಲಿ ಅಸಿಸ್ಟ್ ಅನ್ನುವ ಸರ್ಕಾರಿ ಜಾಲತಾಣದಲ್ಲಿ ನಿಮ್ಮ ಕಾಲೇಜಿನ ಯಾವ ಕೋರ್ಸು ಯಾವ ಯೂನಿವರ್ಸಿಟಿಯ ಯಾವ ಕೋರ್ಸಿಗೆ ಸಮ ಅಂತ ಸಾಲು ಸಾಲಾಗಿ ಸಿಗುತ್ತದೆ. ಅಲ್ಲಿನ ಯುಸಿಯ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) 6 ಕ್ಯಾಂಪಸ್ಸುಗಳು ಟ್ಯಾಗ್ ಅನ್ನುವ ಖಾತರಿ ಪ್ರವೇಶ ಕೊಡುತ್ತವೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಅದರಲ್ಲಿ ಇಲ್ಲ, ಕೊಡುವ ಕಡೆಯೂ ಎಲ್ಲ ಇಂಜಿನಿಯರಿಂಗ್ ವಿಭಾಗಕ್ಕೆ ಅನ್ವಯಿಸುವುದಿಲ್ಲ. ವರ್ಜೀನಿಯಾದಲ್ಲಿ ಕಮ್ಯುನಿಟಿ ಕಾಲೇಜಿನ ಇಂಜಿನಿಯರಿಂಗ್ ಎಎಸ್ ಅನ್ನು ಒಳ್ಳೆ ಜಿಪಿಎಯಲ್ಲಿ ಮುಗಿಸಿದವರಿಗೆ ವರ್ಜೀನಿಯಾ ಟೆಕ್ ಜೊತೆ ಖಾತರಿ ಒಪ್ಪಂದವಿದೆ. ಟೆಕ್ಸಸ್‌ನಲ್ಲಿ ಎ ಆಂಡ್ ಎಂ ಯೂನಿವರ್ಸಿಟಿಯ ಇಂಜಿನಿಯರಿಂಗ್ ಅಕಾಡೆಮಿ ಅಂತ ಇದೆ, ಇದು ನನಗೆ ಬಹಳ ಇಷ್ಟವಾದ ಏರ್ಪಾಡು. ವಿದ್ಯಾರ್ಥಿ ಮೊದಲೇ ಯೂನಿವರ್ಸಿಟಿಯ ಇಂಜಿನಿಯರಿಂಗ್‌ಗೆ ಸೇರಿರುತ್ತಾನೆ, ಆದರೆ ಗಣಿತ, ವಿಜ್ಞಾನವನ್ನು ಆಸ್ಟಿನ್ ಅಥವಾ ಹ್ಯೂಸ್ಟನ್‌ನಂಥ ಕಡೆಯ ಕಮ್ಯುನಿಟಿ ಕಾಲೇಜಿನಲ್ಲಿ ಓದುತ್ತಾನೆ.

ಟ್ರಾನ್ಸ್‌ಫರ್ ದಾರಿಯಲ್ಲಿ ಸೋಲು ಎಲ್ಲಿ ಆಗುತ್ತದೆ ಅಂದರೆ ಕೋರ್ಸುಗಳ ಸರಣಿಯಲ್ಲಿ. ಕ್ಯಾಲ್ಕುಲಸ್ 1 ಆಗದೆ 2 ಇಲ್ಲ, ಅದಾಗದೆ 3 ಇಲ್ಲ, ಫಿಸಿಕ್ಸೂ ಅದರ ಜೊತೆ ಕಟ್ಟಿಕೊಂಡಿರುತ್ತದೆ. ಸೇರುವಾಗ ಪ್ರೀಕ್ಯಾಲ್ಕುಲಸ್‌ನಿಂದ ಶುರು ಮಾಡಬೇಕಾದ ಮಗುವಿಗೆ 2 ವರ್ಷದ ಪ್ರೋಗ್ರಾಮ್ 3 ವರ್ಷ ಆಗುವುದು ಸಾಮಾನ್ಯ. ಚಿಕ್ಕ ಕಾಲೇಜುಗಳಲ್ಲಿ ಸ್ಟ್ಯಾಟಿಕ್ಸ್, ಡಿಫರೆನ್ಷಿಯಲ್ ಈಕ್ವೇಷನ್ಸ್ ವರ್ಷಕ್ಕೆ ಒಂದೇ ಸಲ ನಡೆಯುವುದೂ ಉಂಟು. ಆ ಒಂದು ಕ್ಲಾಸು ತಪ್ಪಿದರೆ ಒಂದು ವರ್ಷ ಹೋಯಿತು. ಎಚ್‌-4 ಮಗುವಿಗೆ 21 ಹತ್ತಿರ ಬರುತ್ತಿದ್ದರೆ ಈ ಒಂದು ವರ್ಷದ ಬೆಲೆ ಏನು ಅಂತ ನಿಮಗೇ ಗೊತ್ತು. ಹಾಗಾಗಿ ಯಾವ ಕೋರ್ಸು ಯಾವ ಸೆಮಿಸ್ಟರಿನಲ್ಲಿ ನಡೆಯುತ್ತದೆ ಅಂತ ಸೇರುವ ಮುಂಚೆ ಕೇಳಿ ಬರೆದಿಟ್ಟುಕೊಳ್ಳಿ.

ಇಟಿ ಕಡೆ ಹೋಗುವುದಾದರೆ ಲ್ಯಾಬಿನ ಒಳಗೆ ಹೋಗಿ ನೋಡದೆ ಸೇರಿಸಬೇಡಿ. ಪಿಎಲ್‌ಸಿಗಳು ಇತ್ತೀಚಿನವಾ, ಒಂದು ಬೆಂಚಿಗೆ ಎಷ್ಟು ಜನ, ಸಂಜೆ ಹೊತ್ತು ಲ್ಯಾಬ್ ತೆರೆದಿರುತ್ತದಾ, ಪಾಠ ಮಾಡುವವರು ಕಾರ್ಖಾನೆಯಲ್ಲಿ ದುಡಿದವರಾ, ಹೋದ ವರ್ಷ ಮುಗಿಸಿದವರು ಈಗ ಯಾವ ಕಂಪನಿಯಲ್ಲಿದ್ದಾರೆ. ಕೊನೆಯ ಪ್ರಶ್ನೆಗೆ ಕಂಪನಿಗಳ ಹೆಸರು ಪಟಪಟ ಬಂದರೆ ಒಳ್ಳೆ ಪ್ರೋಗ್ರಾಮ್. ಅಸೋಸಿಯೇಟ್ ಮಟ್ಟದಲ್ಲಿ ಎಬೆಟ್ ಮುದ್ರೆ ಇಲ್ಲದ ಒಳ್ಳೆ ಪ್ರೋಗ್ರಾಮುಗಳು ಬೇಕಾದಷ್ಟಿವೆ, ಕೆಲಸಕ್ಕೆ ಹೋಗುವವರಿಗೆ ಊರಿನ ಕಂಪನಿಗಳ ನಂಬಿಕೆಯೇ ಹೆಚ್ಚು ಮುಖ್ಯ. ಬ್ಯಾಚುಲರ್‌ಗೆ ಮಾತ್ರ ಎಬೆಟ್ ಇಲ್ಲದ ಕಡೆ ಹೋಗಬೇಡಿ.

ಇನ್ನೂ ನಿರ್ಧಾರವಾಗದ ಮಕ್ಕಳಿಗೆ ಮೊದಲ ಸೆಮಿಸ್ಟರನ್ನು ಎರಡೂ ದಾರಿಗೆ ಒದಗುವ ಹಾಗೆ ಆರಿಸಬಹುದು. ಇಂಗ್ಲಿಷ್ ಕಾಂಪೊಸಿಷನ್, ಒಂದು ಕ್ಯಾಡ್ ಕ್ಲಾಸು, ಮತ್ತೆ ಟೆಕ್ನಿಕಲ್ ಮ್ಯಾತ್ ಬದಲು ಪ್ರೀಕ್ಯಾಲ್ಕುಲಸ್ ಅಥವಾ ಕ್ಯಾಲ್ಕುಲಸ್ 1. ಮೇಲಿನ ಗಣಿತವನ್ನು ಇಟಿಯವರು ಸಾಮಾನ್ಯವಾಗಿ ಒಪ್ಪುತ್ತಾರೆ, ಟೆಕ್ನಿಕಲ್ ಮ್ಯಾತನ್ನು ಇಂಜಿನಿಯರಿಂಗಿನವರು ಒಪ್ಪುವುದಿಲ್ಲ. ಮಗು ಇನ್ನೂ ಹನ್ನೊಂದನೇ ಕ್ಲಾಸಿನಲ್ಲಿದ್ದರೆ ಇನ್ನೂ ಒಳ್ಳೆಯದು. ಬಹುತೇಕ ಹೈಸ್ಕೂಲುಗಳಲ್ಲಿ ಡ್ಯುಯಲ್ ಎನ್‌ರೋಲ್‌ಮೆಂಟ್ (ಹೈಸ್ಕೂಲಿನಲ್ಲಿದ್ದೇ ಕಾಲೇಜಿನ ಕ್ಲಾಸು ಓದುವ ಏರ್ಪಾಡು) ಇದೆ, ಫೀಸೂ ಎಷ್ಟೋ ಕಡೆ ಕಡಿಮೆ ಅಥವಾ ಇಲ್ಲವೇ ಇಲ್ಲ. ಈ ಬೇಸಿಗೆಯಲ್ಲಿ ಒಂದು ಕ್ಯಾಡ್ ಅಥವಾ ಸರ್ಕ್ಯೂಟ್ ಕ್ಲಾಸಿಗೆ ಕಳಿಸಿ, ಶಾಲೆ ಶುರುವಾದ ಮೇಲೆ ಕ್ಯಾಲ್ಕುಲಸ್ ಕ್ಲಾಸಿಗೆ ಕೂರಿಸಿ. ಎರಡರಲ್ಲಿ ಯಾವುದು ಇಷ್ಟ ಆಯಿತು ಅಂತ ಆಮೇಲೆ ಮಗುವನ್ನೇ ಕೇಳಿ.